ಅರ್ಧ ಸಂಬಳದ ಪೂರ್ತಿ ಊಟ

ಒಂದು ಕಿಲೋ ತೊಗರಿಬೇಳೆ ನಮ್ಮ ಮನೆಯಲ್ಲಿ ಎಷ್ಟು ದಿನಕ್ಕೆ ಬರುತ್ತದೆ ಎಂಬುದು ಐವತ್ತೆರಡನೆಯ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ. ಬೇಳೆ ಎಂಬುದು ಡಬ್ಬಿಯೊಳಗೆ ತಾನಾಗಿಯೇ ಹುಟ್ಟಿಕೊಳ್ಳುವ ವಸ್ತು ಎಂದು ನಾನು ತಿಳಿದಂತಿತ್ತು. ಸಾರು ತೆಳ್ಳಗಿದ್ದರೆ ಮುಖ ಸಿಂಡರಿಸುವುದು, ಮೀನಿನ ತುಂಡು ಸಣ್ಣದಾದರೆ ಪಕ್ಕದ ಬಟ್ಟಲಿನ ಕಡೆ ಕಣ್ಣು ಹಾಯಿಸುವುದು, ಚೆನ್ನಾಗಿದ್ದರೆ ತುಟಿ ಬಿಚ್ಚದೆ ಎರಡನೆಯ ಸಲ ಬಡಿಸಿಕೊಳ್ಳುವುದು, ಇಷ್ಟೇ ನಮ್ಮ ಅಡುಗೆಮನೆಗೆ ನನ್ನ ಕೊಡುಗೆ. ಆದರೂ ನಾಲ್ಕು ಜನ ಸೇರಿದಲ್ಲಿ ಊಟದ ಮಾತು ಬಂದರೆ ನಾನೇ ಮುಂದು. ಬಂಗುಡೆ ಸಾರಿಗೆ ಹುಳಿ ಎಷ್ಟಿರಬೇಕು, ಕೋಳಿಯ ಮಸಾಲೆಯನ್ನು ಎಷ್ಟು ಹೊತ್ತು ಹುರಿಯಬೇಕು ಎಂದು ನಾನು ವಿವರಿಸುತ್ತಿದ್ದರೆ ಕೇಳಿದವರ ಬಾಯಲ್ಲಿ ನೀರೂರುತ್ತಿತ್ತು. ಗ್ಯಾಸ್ ಒಲೆಯ ಲೈಟರು ಯಾವ ಮೊಳೆಗೆ ತೂಗಿದೆ ಎಂದು ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ನನ್ನ ಕೆಲಸ ಕುಂದಾಪುರದ ಒಂದು ಸಣ್ಣ ಮುದ್ರಣಾಲಯದಲ್ಲಿ. ಕರಡು ತಿದ್ದುವವನು ನಾನು. ಮದುವೆ, ಗೃಹಪ್ರವೇಶ, ಉತ್ತರಕ್ರಿಯೆ, ಹೀಗೆ ನಮ್ಮ ಸೀಮೆಯ ಜನರ ಬದುಕಿನ ದೊಡ್ಡ ದಿನಗಳೆಲ್ಲ ನನ್ನ ಕೆಂಪು ಪೆನ್ನಿನ ಕೆಳಗೆ ಹಾದುಹೋಗಬೇಕು. ಎಷ್ಟೋ ವಧುಗಳ ಹೆಸರಿನ ದೀರ್ಘವನ್ನು ನಾನು ಉಳಿಸಿಕೊಟ್ಟಿದ್ದೇನೆ. ಆದರೆ ಕೆಲವು ವರ್ಷಗಳಿಂದ ಕೆಂಪು ಪೆನ್ನಿಗೆ ಕೆಲಸ ಕಡಿಮೆಯಾಗುತ್ತ ಬಂತು. ಜನ ಈಗಲೂ ಮದುವೆಯಾಗುತ್ತಾರೆ, ಈಗಲೂ ಸಾಯುತ್ತಾರೆ. ಎರಡನ್ನೂ ಮೊಬೈಲಿನಲ್ಲೇ ತಿಳಿಸಿಬಿಡುತ್ತಾರೆ. ಮೊನ್ನೆಯ ಮೇ ತಿಂಗಳ ಕೊನೆಗೆ ಧಣಿಗಳು ನನ್ನನ್ನು ಒಳಗೆ ಕರೆದು ಕೂರಿಸಿ, ಎರಡು ಸಲ ಗಂಟಲು ಸರಿಮಾಡಿಕೊಂಡು, ಇನ್ನು ಮೇಲೆ ಮಧ್ಯಾಹ್ನದವರೆಗೆ ಬಂದರೆ ಸಾಕು ಎಂದರು. ಸಂಬಳವೂ ಅರ್ಧವೆಂದು ಬಿಡಿಸಿ ಹೇಳಲು ಅವರಿಗೆ ಆಗಲಿಲ್ಲ. ಅವರ ಕಣ್ಣು ಒದ್ದೆಯಾದದ್ದು ಕಂಡು ನಾನೇ ಅವರನ್ನು ಸಮಾಧಾನ ಮಾಡಿ ಹೊರಗೆ ಬಂದೆ. ಬಸ್ಸಿನಲ್ಲಿ ತೆಕ್ಕಟ್ಟೆ ಮುಟ್ಟುವ ಹೊತ್ತಿಗೆ, ಸಮಾಧಾನ ಬೇಕಾಗಿದ್ದದ್ದು ನನಗೆ ಎಂಬುದು ತಿಳಿಯಿತು.

ಮನೆಯಲ್ಲಿ ನಾವು ಐದು ಜನ. ಎಂಬತ್ತರ ಹತ್ತಿರದ ನನ್ನ ಅಮ್ಮ, ಹೆಂಡತಿ ಜಲಜ, ಪಿಯುಸಿ ಎರಡನೆಯ ವರ್ಷದ ಶ್ರುತಿ, ಎಂಟನೆಯ ಕ್ಲಾಸಿನ ದಿವ್ಯ, ಮತ್ತು ನಾನು. ಸುದ್ದಿ ಹೇಳಿದಾಗ ಜಲಜ ದೋಸೆಕಲ್ಲಿಗೆ ಹಿಟ್ಟು ಹುಯ್ಯುತ್ತಿದ್ದಳು. ದೋಸೆ ಮಗುಚಿ ಹಾಕಿದಳು. ಆಮೇಲೆ, "ಪೂರ್ತಿ ಹೋಯ್ಲಿಲ್ಲ ಅಲ್ದಾ? ಅರ್ಧ ಇತ್ತಲ್ಲ. ಕಾಂಬ" ಎಂದಳು. ಮತ್ತೊಂದು ಮಾತು ಸೇರಿಸಿದಳು: "ಆರೆ ಹ್ವಾಯ್, ಇನ್ನ್ ಮೇಲೆ ನಾ ಹೇಳ್ದೆ ಪ್ಯಾಟಿಂದ ಎಂತದೂ ತಪ್ಪುಕಾಗ."

ನಮ್ಮ ಕಡೆಯ ಮಾತಿನಲ್ಲಿ 'ತಪ್ಪುದು' ಎಂದರೆ ತರುವುದು. ತಪ್ಪುಕಾಗ ಎಂದರೆ ತರಬಾರದು. ಬೇರೆ ಊರಿನವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ನನ್ನ ಮಟ್ಟಿಗೆ ಎರಡು ಅರ್ಥವೂ ಒಂದೇ. ಇಷ್ಟು ವರ್ಷ ನಾನು ಪೇಟೆಯಿಂದ ತಂದದ್ದರಲ್ಲಿ ತಪ್ಪಲ್ಲದ್ದು ಕಡಿಮೆ. ಮನೆಯಲ್ಲಿ ಮೂರು ಸೌತೆಕಾಯಿ ಇದ್ದ ದಿನವೇ ನಾಲ್ಕನೆಯದನ್ನು ಹೊತ್ತು ತರುವುದು, ಒಂದಕ್ಕೆ ಒಂದು ಉಚಿತ ಎಂಬ ಬೋರ್ಡು ಕಂಡು ಯಾರೂ ಮುಟ್ಟದ ಬಿಸ್ಕತ್ತನ್ನು ಎರಡೆರಡು ಪೊಟ್ಟಣ ತರುವುದು, ಇಂಥದರಲ್ಲಿ ನನ್ನದು ಎತ್ತಿದ ಕೈ.

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಮುಚ್ಚಳ ತೆಗೆದು ಸಾಲಾಗಿ ಇಟ್ಟಳು. ಒಂದೊಂದರೊಳಗೂ ಕೈ ಹಾಕಿ ನೋಡಿದಳು. ಚೀಟಿ ಬರೆಯಲಿಲ್ಲ, ಲೆಕ್ಕ ಹಾಕಲಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಒಬ್ಬಳೇ ತಿರುಗಾಡಿದಳು. ಬೇಸರದಿಂದ ಹೋಗಿದ್ದಾಳೆ ಎಂದುಕೊಂಡು ನಾನು ಸಂತೈಸಲು ಹಿಂದೆಯೇ ಹೋದೆ. ಅವಳು ಬಾವಿಕಟ್ಟೆಯ ಹಿಂದಿನ ಕೆಸುವಿನ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದಳು. "ಇಲ್ಲ್ ಕಾಣಿ, ಮಳೆ ಬಿದ್ದ್ರೆ ಒಂದ್ ವಾರದಂಗೆ ಇದೆಲ್ಲ ಏಳತ್ತ್" ಎಂದಳು. ಮುಖದಲ್ಲಿ ಬೇಸರದ ಗುರುತೇ ಇರಲಿಲ್ಲ. ಪರೀಕ್ಷೆಯ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಜಾಣ ಮಕ್ಕಳ ಮುಖದಲ್ಲಿ ಬರುತ್ತದಲ್ಲ, ಆ ಕಳೆ ಇತ್ತು.

ಅಲ್ಲಿಂದ ಮುಂದೆ ನಡೆದದ್ದನ್ನು ನಾನು ಅರ್ಧ ದಿನ ಮನೆಯಲ್ಲೇ ಇದ್ದು ಕಣ್ಣಾರೆ ಕಂಡೆ. ನ್ಯಾಯಬೆಲೆ ಅಂಗಡಿಯ ಅಕ್ಕಿಯನ್ನು ನಾವು ತರುತ್ತಿರಲಿಲ್ಲ. ಸಾಲಿನಲ್ಲಿ ಚೀಲ ಹಿಡಿದು ನಿಲ್ಲುವುದು ಕರಡು ತಿದ್ದುವವರ ಘನತೆಗೆ ಕಡಿಮೆ ಎಂದು ನಾನೇ ಹೇಳಿದ್ದೆ. ಜಲಜ ಕಾರ್ಡು ಹುಡುಕಿ ತೆಗೆದು, ಚೀಲ ಮಡಚಿ ಕಂಕುಳಲ್ಲಿಟ್ಟು, ಸಾಲಿನಲ್ಲಿ ನಿಂತು ಅಕ್ಕಿ ತಂದಳು. ಆ ಬಿಳಿ ಅಕ್ಕಿ ಬೆಳಗಿನ ದೋಸೆಗೆ, ಕಡುಬಿಗೆ, ಶ್ಯಾವಿಗೆಗೆ. ದುಡ್ಡು ಕೊಟ್ಟು ತಂದ ಕುಚ್ಚಲಕ್ಕಿ ಮಧ್ಯಾಹ್ನದ ಅನ್ನಕ್ಕೆ, ರಾತ್ರಿಯ ಗಂಜಿಗೆ ಮಾತ್ರ. ಅನ್ನ ಬಸಿದ ತೆಳಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಅದೇ ಒಂದು ಸಾರು. ಅಕ್ಕಿ ತೊಳೆದ ನೀರು ಬಸಳೆಯ ಬುಡಕ್ಕೆ. ಸೌತೆಕಾಯಿ ಹೋಳು ಹುಳಿಗೆ, ತಿರುಳು ತಂಬುಳಿಗೆ, ಸಿಪ್ಪೆ ಚಟ್ನಿಗೆ. ಬೀಜವಾದರೂ ಬಿಸಾಡುತ್ತಾಳೇನೋ ಎಂದು ಕಾದೆ. ಅದನ್ನು ಬೂದಿಯಲ್ಲಿ ಹೊರಳಿಸಿ ಕಿಟಕಿಯ ಮೇಲೆ ಒಣಗಲು ಇಟ್ಟಳು.

ಬೇಳೆಯ ವಿಷಯವೂ ಆಗಲೇ ಗೊತ್ತಾದದ್ದು. ನಮ್ಮ ಮನೆಯಲ್ಲಿ ಒಂದು ಕಿಲೋ ಎಂಟು ದಿನಕ್ಕೆ ಮುಗಿಯುತ್ತಿತ್ತು. ಜಲಜ ಅದನ್ನು ಇಪ್ಪತ್ತು ದಿನ ನಡೆಸಿದಳು. ಬೇಳೆಯ ಬದಲು ಹಲಸಿನ ಬೀಜ ಬೇಯಿಸಿ ಅರೆದು ಸಾರಿಗೆ ಸೇರಿಸಿದಳು. ನಾನು ಎರಡು ವಾರ ಬೇಳೆಯೆಂದೇ ಉಂಡು, "ಈಗಿನ ಬೇಳೆ ಒಳ್ಳೆ ಬೇಯುತ್ತದೆ" ಎಂದು ಅಭಿಪ್ರಾಯವನ್ನೂ ಕೊಟ್ಟೆ. ಇಬ್ಬರು ಮಕ್ಕಳೂ ಅಡುಗೆಮನೆಗೆ ಓಡಿಹೋಗಿ ನಕ್ಕದ್ದು ನನಗೆ ಆಗ ಅರ್ಥವಾಗಲಿಲ್ಲ.

ನೆರೆಹೊರೆಯ ವಿಷಯದಲ್ಲಿ ಅವಳದು ಒಂದು ಕಟ್ಟುನಿಟ್ಟು. ಪಕ್ಕದ ಮನೆಯಲ್ಲಿ ಬಾಳೆಗೊನೆ ಕಡಿದರೆ ದಿಂಡನ್ನೂ ಹೂವನ್ನೂ ಕೇಳಿ ತರುತ್ತಿದ್ದಳು. ಆದರೆ ಅವರು ಹಾಕಿಕೊಟ್ಟ ಬಟ್ಟಲು ಖಾಲಿಯಾಗಿ ಹಿಂದಕ್ಕೆ ಹೋದದ್ದಿಲ್ಲ. ಮಾಡಿದ ಪಲ್ಯದಲ್ಲಿ ಒಂದು ಪಾಲು, ಅಥವಾ ಬೇಸಿಗೆಯಲ್ಲಿ ಒತ್ತಿದ ಹಲಸಿನ ಹಪ್ಪಳ ನಾಲ್ಕು, ಅದೂ ಇಲ್ಲದ ದಿನ ಒಗ್ಗರಣೆಗೆ ಆಗುವಷ್ಟು ಕರಿಬೇವಿನಸೊಪ್ಪು. "ಕೇಂಡ್ ತಪ್ಪುಕೆ ನಾಚ್ಕಿ ಇಲ್ಲೆ ನಂಗೆ, ಬರಿಗೈಯಂಗೆ ಹೋಪುಕೆ ನಾಚ್ಕಿ" ಎನ್ನುತ್ತಿದ್ದಳು. ಹೀಗಾಗಿ ನಮ್ಮ ಸಂಬಳ ಅರ್ಧವಾದದ್ದು ನೆರೆಮನೆಯವರಿಗೆ ತಿಳಿಯಲು ಮೂರು ತಿಂಗಳು ಹಿಡಿಯಿತು. ನಮ್ಮಲ್ಲಿ ಅಡುಗೆಯ ಉತ್ಸಾಹ ಹೆಚ್ಚಾಗಿದೆ ಎಂದೇ ಅವರು ತಿಳಿದಿದ್ದರು.

ಕರಾವಳಿಯಲ್ಲಿ ನಾವು ಅನ್ನಕ್ಕೆ ಕಲಸಿಕೊಳ್ಳುವ ಎಲ್ಲದಕ್ಕೂ ಪದಾರ್ಥ ಎನ್ನುತ್ತೇವೆ. ಹಿಂದೊಮ್ಮೆ ಒಬ್ಬ ಪಂಡಿತರ ಹಸ್ತಪ್ರತಿಯ ಕರಡು ತಿದ್ದುವಾಗ, ತರ್ಕಶಾಸ್ತ್ರದಲ್ಲೂ ಪದಾರ್ಥಗಳಿವೆ, ಅವು ಏಳು, ಏಳನೆಯದರ ಹೆಸರು ಅಭಾವ ಎಂದು ಓದಿ ಬೆರಗಾಗಿದ್ದೆ. ಇಲ್ಲದಿರುವುದೂ ಒಂದು ಪದಾರ್ಥ! ಅದರಲ್ಲಿ ಮತ್ತೆ ನಾಲ್ಕು ಬಗೆ. ಇನ್ನೂ ಹುಟ್ಟದ್ದು, ಅಂದರೆ ತರಬೇಕಾದ ಎಣ್ಣೆ, ಪ್ರಾಗಭಾವ. ಇದ್ದು ನಾಶವಾದದ್ದು, ಅಂದರೆ ನಿನ್ನೆ ಮುಗಿದ ಬೆಲ್ಲ, ಪ್ರಧ್ವಂಸಾಭಾವ. ಮೂರು ಕಾಲದಲ್ಲೂ ಇಲ್ಲದ್ದು, ಅಂದರೆ ನಮ್ಮ ಪಾಯಸದಲ್ಲಿ ಗೋಡಂಬಿ, ಅತ್ಯಂತಾಭಾವ. ಒಂದು ಇನ್ನೊಂದಲ್ಲ, ಅಂದರೆ ಎಷ್ಟೇ ಚೆನ್ನಾಗಿ ಅರೆದರೂ ಸಿಪ್ಪೆಯ ಚಟ್ನಿ ಮೀನಾಗದು ಎಂಬುದು ಅನ್ಯೋನ್ಯಾಭಾವ. ಒಂದು ಮಳೆಯ ಮಧ್ಯಾಹ್ನ ಇದನ್ನೆಲ್ಲ ಜಲಜನಿಗೆ ಉದಾಹರಣೆ ಸಮೇತ ವಿವರಿಸಿದೆ. ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಲೇ ಕೇಳಿ, "ನಾಲ್ಕೇ ಬಗೆಯಾ? ನಂಗೆ ಇನ್ನೂ ಹತ್ತ್ ಬಗೆ ಗೊತ್ತಿತ್ತ್. ನಿಮ್ಮ ಪಂಡಿತ್ರ್ ಅಡ್ಗಿ ಮಾಡ್ತಿರ್ಲಿಲ್ಲ ಕಾಣತ್ತ್" ಎಂದಳು. ಶಾಸ್ತ್ರಚರ್ಚೆ ಅಲ್ಲಿಗೆ ಮುಗಿಯಿತು.

ಎಲ್ಲವೂ ಹೀಗೆ ನಗುತ್ತಲೇ ನಡೆಯಿತು ಎಂದರೆ ಸುಳ್ಳಾದೀತು. ಸಣ್ಣವಳಿಗೆ ಶಾಲೆಯಲ್ಲಿ ಬಿಸಿಯೂಟ ಇತ್ತು. ಶ್ರುತಿ ಮಾತ್ರ ಕಾಲೇಜಿಗೆ ಬುತ್ತಿ ಒಯ್ಯಬೇಕು. ಜುಲೈಯಲ್ಲಿ ಮೂರು ದಿನ ಅವಳ ಬುತ್ತಿ ತೆರೆಯದೆ ಹಾಗೆಯೇ ವಾಪಸ್ಸು ಬಂತು. ಹಸಿವಿರಲಿಲ್ಲ ಎಂದಳು. ನಾಲ್ಕನೆಯ ದಿನ ಜಲಜ ಅವಳನ್ನು ಹತ್ತಿರ ಕೂರಿಸಿಕೊಂಡು ತಲೆ ಬಾಚುತ್ತ ಮೆಲ್ಲಗೆ ಕೇಳಿದಳು. ಹುಡುಗಿ ಅತ್ತುಬಿಟ್ಟಳು. "ಎಲ್ರೂ ನೂಡಲ್ಸ್, ಫ್ರೈಡ್ ರೈಸ್ ತತ್ತ್ರ್ ಅಮ್ಮಾ. ನಾನ್ ದಿನಾ ಸೊಪ್ಪ್ ಬಿಚ್ಚುದ್ ಹ್ಯಾಂಗೆ?"

ಪಕ್ಕದ ಕೋಣೆಯಲ್ಲಿ ಪತ್ರಿಕೆ ಹಿಡಿದಿದ್ದ ನನಗೆ ಎದ್ದು ಹೋಗಿ ನಾಲ್ಕು ಮಾತು ಹೇಳಬೇಕು ಅನಿಸಿತು. ಹಸಿದವರು ಎಷ್ಟು ಜನ, ಅನ್ನದ ಬೆಲೆ ಏನು ಎಂದು ಹೇಳಲು ನನ್ನ ಹತ್ತಿರ ಒಳ್ಳೆಯ ಭಾಷಣವೂ ಇತ್ತು. ಜಲಜ ಭಾಷಣ ಮಾಡಲಿಲ್ಲ. ಮಗಳಿಗೆ ನಾಚಿಕೆಪಡಬಾರದು ಎಂದೂ ಹೇಳಲಿಲ್ಲ. ಜಡೆ ಹೆಣೆದು ಮುಗಿಸಿ, "ಆಯ್ತ್ ಮಗಾ, ನಾಳಿಗೆ ಕಾಂಬ" ಎಂದಳು. ಮರುದಿನ ಬೇಗ ಎದ್ದು ನ್ಯಾಯಬೆಲೆ ಅಂಗಡಿಯ ಅಕ್ಕಿಯ ಹಿಟ್ಟು ಬೇಯಿಸಿ, ಶ್ಯಾವಿಗೆಯ ತಿರುಪು ಒರಳಿನಲ್ಲಿ ಎಳೆ ಎಳೆಯಾಗಿ ಒತ್ತಿ, ಈರುಳ್ಳಿ, ಹಸಿಮೆಣಸು, ಹಿತ್ತಲಿನ ಎಳೆ ಅಲಸಂಡೆ ಹೆಚ್ಚಿ ಒಗ್ಗರಣೆ ಕೊಟ್ಟು, ಮೇಲೆ ಲಿಂಬೆ ಹಿಂಡಿ ಡಬ್ಬಿಗೆ ತುಂಬಿದಳು. ಒರಳು ತಿರುಗಿಸಿದವನು ನಾನು. ಎರಡು ದಿನ ಭುಜ ಎತ್ತಲಾಗಲಿಲ್ಲ. ಸಂಜೆ ಬುತ್ತಿ ಖಾಲಿಯಾಗಿ ಬಂತು. ಶ್ರುತಿಯ ಮುಖ ಮಾತ್ರ ಸಪ್ಪಗಿತ್ತು. "ನಂಗೆ ಎರಡೇ ತುತ್ತ್ ಸಿಕ್ಕಿದ್ದ್. ಉಳ್ದದ್ದೆಲ್ಲ ಅವ್ರೇ ತಿಂದ್ರ್. ನಾಳಿಗ್ ದೊಡ್ಡ ಡಬ್ಬಿ ಬೇಕಂಬ್ರ್." ಜಲಜ ನನ್ನ ಭುಜದ ಕಡೆ ನೋಡಿದಳು. ನಾನು ಪತ್ರಿಕೆಯ ಕಡೆ ನೋಡಿದೆ.

ಇನ್ನು ನನ್ನ ಅಪರಾಧದ ಕಥೆ. ಮಳೆಗಾಲದ ಎರಡು ತಿಂಗಳು ದೊಡ್ಡ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ತಾಜಾ ಮೀನಿನ ಆಸೆಯನ್ನು ಅಲ್ಲಿಯವರೆಗೆ ಒಣ ಸೀಗಡಿಯ ಚಟ್ನಿಯ ಮೇಲೆ ಹೇಗೋ ತಡೆದುಕೊಂಡಿದ್ದೆ. ಆಗಸ್ಟಿನಲ್ಲಿ ದೋಣಿಗಳು ಹೊರಟವು. ಒಂದು ಶನಿವಾರ ಜಲಜ ಕುಚ್ಚಲಕ್ಕಿಗೂ ಎಣ್ಣೆಗೂ ಎಂದು ದುಡ್ಡು ಕೊಟ್ಟು ಕಳಿಸಿದ್ದಳು. ಕೆಲಸ ಮುಗಿಸಿ ಬರುವಾಗ ಮೀನು ಮಾರುಕಟ್ಟೆಯ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಬುಟ್ಟಿಯ ಮೇಲೆ ಒಂದು ಅಂಜಲ್ ಮೀನು ಮಲಗಿತ್ತು. ಬೆಳ್ಳಿಯ ಹಾಗೆ ಮೈ, ಆಗಷ್ಟೇ ಕಣ್ಣು ಮುಚ್ಚಲು ಮರೆತಂತಿತ್ತು. ಮೀನು ಮಾರುವ ಹೆಂಗಸು ಗುಲಾಬಿಯಕ್ಕ ನನ್ನನ್ನು ಬಲ್ಲವಳು. "ಹ್ವಾಯ್, ಬನ್ನಿ ಮಾರಾಯ್ರೆ. ಎಷ್ಟ್ ದಿನ ಆಯ್ತ್ ನಿಮ್ನ್ ಕಾಣ್ದೆ! ಈ ಬದಿಗೆ ಬಪ್ಪುದೇ ಬಿಟ್ರ್ಯಾ?" ಎಂದಳು. ಬಿಟ್ಟಿಲ್ಲ ಎಂದು ತೋರಿಸುವುದಕ್ಕಾಗಿಯೇ ಇಡೀ ಮೀನನ್ನು ಕೊಂಡೆ. ಅಕ್ಕಿಯೂ ಎಣ್ಣೆಯೂ ಆ ಮೀನಿನ ಹೊಟ್ಟೆಗೆ ಹೋದವು.

ಬಸ್ ನಿಲ್ದಾಣದಿಂದ ಮನೆಯವರೆಗೆ ಬಾಲ ಹೊರಗೆ ಕಾಣುವಂತೆಯೇ ಚೀಲ ಹಿಡಿದು ನಡೆದೆ. ಮನೆಯಲ್ಲಿ ಜಲಜ ಮೀನನ್ನು ನೋಡಿದಳು, ನನ್ನನ್ನು ನೋಡಿದಳು.

"ಚಂದ ಇತ್ತ್ ಮೀನ್" ಎಂದಳು. "ಅಕ್ಕಿ ಎಲ್ಲಿತ್ತ್?"

ನಾನು ಹೊರಗೆ ಕಾಣುತ್ತಿದ್ದ ಬಾಲವನ್ನು ಚೀಲದೊಳಗೆ ತಳ್ಳಿದೆ.

"ಇದನ್ನ್ ಎಂತದಕ್ಕೆ ಕಲ್ಸ್‌ಕಂಡ್ ಉಂಬುದ್?"

ಕೂಗಾಡಿದ್ದರೆ ಒಳ್ಳೆಯದಿತ್ತು. ನನಗೂ ಕೂಗಾಡಲು ಒಂದು ದಾರಿ ಸಿಗುತ್ತಿತ್ತು. ಅವಳು ಮೆಟ್ಟುಕತ್ತಿಯ ಮುಂದೆ ಕೂತು ಮೀನನ್ನು ಕೊಯ್ದಳು. ತಲೆ, ಬಾಲ ಮತ್ತು ನಡುವಿನ ಐದು ತುಂಡುಗಳನ್ನು ಒಂದು ಪಾತ್ರೆಗೆ ಹಾಕಿದಳು. ಉಳಿದ ಒಳ್ಳೆಯ ತುಂಡುಗಳನ್ನೆಲ್ಲ ಬಾಳೆಎಲೆಯಲ್ಲಿ ಕಟ್ಟಿಕೊಂಡು ಎದ್ದಳು. ಎರಡು ಮನೆಯಾಚೆಯ ನಿವೃತ್ತ ಟೀಚರು ಪದ್ಮಕ್ಕನ ಮನೆಗೆ ಅವತ್ತು ನೆಂಟರು ಬರುವವರಿದ್ದರು. ಮೀನಿಗಾಗಿ ಅವರು ಬೆಳಿಗ್ಗೆಯಿಂದ ದಾರಿ ಕಾಯುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ. "ಮೀನು ಮಾರುವುದಕ್ಕೆ ಹೊರಟೆಯಾ? ನನ್ನ ಮಾನ ಏನಾದೀತು?" ಎಂದೆ. ಕೋಪ ಬಂದಾಗ ನನಗೆ ಪುಸ್ತಕದ ಕನ್ನಡ ಬರುತ್ತದೆ.

"ನಾಳಿಗ್ ಮಕ್ಳ್ ಬಟ್ಲ್ ಹಿಡ್ಕಂಡ್ ಕೂಕಂಡ್ರೆ, ಹಾಕುಕೆ ನಿಮ್ಮ ಮಾನ ಸಾಕಾತ್ತಾ?" ಎಂದಳು. "ಬದಿಗ್ ಸರೀನಿ. ಅವ್ರ್ ನೆಂಟ್ರ್ ಬಪ್ಪ ಹೊತ್ತಾಯ್ತ್."

ನಾನು ಸರಿದೆ. ಅರ್ಧ ಗಂಟೆಯಲ್ಲಿ ಅವಳು ಮೀನಿನ ದುಡ್ಡಿನಲ್ಲಿ ಅಕ್ಕಿ, ಎಣ್ಣೆ ಎರಡನ್ನೂ ಹೊತ್ತು ಬಂದಳು. ಪದ್ಮಕ್ಕ ಒಳ್ಳೆಯ ಮೀನು ಸಿಕ್ಕಿತೆಂದು ಖುಷಿಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟಿದ್ದರು. ನನ್ನ ಮಾನಕ್ಕೆ ಏನೂ ಆಗಲಿಲ್ಲ. ಅದನ್ನು ಯಾರೂ ಗಮನಿಸಲೇ ಇಲ್ಲ.

ಆ ದಿನ ಊಟಕ್ಕೆ ಕೂತಾಗ ನಡೆದದ್ದನ್ನು ಮಾತ್ರ ನಾನು ಮರೆಯಲಾರೆ. ತುಂಡುಗಳು ಐದು, ಜನ ಐದು. ಜಲಜ ಎಲ್ಲರಿಗೂ ಬಡಿಸಿ, ಐದನೆಯ ತುಂಡನ್ನು ತನ್ನ ಬಟ್ಟಲಿಗೆ ಹಾಕಿಕೊಂಡು ನಮ್ಮ ಜೊತೆಗೇ ಕೂತಳು. ಸಂಬಳ ಅರ್ಧವಾದ ದಿನದಿಂದ ಅವಳು ಹೀಗೆಯೇ ಮಾಡುತ್ತಿದ್ದಳು. ಮೊದಲು ನಾವೆಲ್ಲ ಎದ್ದ ಮೇಲೆ ಉಣ್ಣುತ್ತಿದ್ದವಳು, ಕಷ್ಟ ಬಂದ ಮೇಲೆ ಜೊತೆಗೇ, ನಮ್ಮಷ್ಟೇ ಅಳತೆಯಲ್ಲಿ ಉಣ್ಣತೊಡಗಿದ್ದಳು. ಅಮ್ಮನಿಗೆ ಇದು ಸರಿಬೀಳುತ್ತಿರಲಿಲ್ಲ. ಅವತ್ತು ಬಾಯಿಬಿಟ್ಟು ಹೇಳಿಯೇಬಿಟ್ಟರು: "ಅಲ್ಲ ಹೆಣ್ಣೇ, ಕಡ್ಮಿ ಇಪ್ಪ ಹೊತ್ತಿಗೆ ಮನಿ ಹೆಂಗ್ಸ್ ಕಡಿಗ್ ಉಂಬುದ್ ಅಲ್ದಾ? ಗಂಡ, ಮಕ್ಳ್ ಉಂಡ್ ಉಳ್ದ್ರೆ ನಮ್ಗೆ."

ಜಲಜ ಕೈಯ ತುತ್ತನ್ನು ಕೆಳಗಿಟ್ಟಳು. ದನಿ ಏರಿಸಲಿಲ್ಲ. "ಅತ್ತೆ, ಕಡ್ಮಿ ಇಪ್ಪತಿಗೇ ನಾ ಸಮಾ ಉಣ್ಕ್. ನಾ ಅರೆಹೊಟ್ಟಿಲ್ ಬಿದ್ದ್ರೆ ಈ ಮನಿ ಎತ್ತುದ್ ಯಾರ್? ಆಸ್ಪತ್ರಿಗೆ ಹೋಪಷ್ಟ್ ದುಡ್ಡ್ ನಮ್ಮತ್ರ ಇಲ್ಲೆ. ಉಂಬಷ್ಟ್ ಇತ್ತ್."

ದಿವ್ಯ ನನ್ನ ಮುಖ ನೋಡಿದಳು. ಅಮ್ಮ ಸಿಟ್ಟಾಗುತ್ತಾರೆ ಎಂದು ನಾನು ಕಾದೆ. ಅವರು ಬಟ್ಟಲಿನಲ್ಲಿ ಬೆರಳಾಡಿಸುತ್ತ ಯಾರಿಗೂ ಅಲ್ಲದಂತೆ ಮಾತಾಡಿದರು.

"ನಾನ್ ಎಂಟ್ ಜನ ಉಂಡ್ ಎದ್ದ ಮೇಲೆ ತೆಳಿ ಕುಡ್ದ್ ಮನಿಕಂಡವ್ಳ್. ಬಸ್ರಿ ಇಪ್ಪತಿಗೂ ಹಾಂಗೇ. ಇವ್ನ್ ಹಿಂದೆ ಒಂದ್ ಹೆಣ್ಣ್ ಕೂಸ್ ಹುಟ್ಟಿತ್ತ್. ಎದಿಯಂಗೆ ಹಾಲೇ ಇರ್ಲಿಲ್ಲ ನಂಗೆ. ಹದಿನೇಳ್ ದಿನ ಇತ್ತ್ ಅದ್." ಬಟ್ಟಲಿನ ಅಂಚಿಗೆ ಒಂದು ಮುಳ್ಳು ತೆಗೆದಿಟ್ಟರು. "ನೀ ಮೊದ್ಲ್ ಉಣ್ಣ್ ಅಂದೇಳಿ ನಂಗೆ ಯಾರೂ ಹೇಳ್ಲಿಲ್ಲ."

ನನಗೊಬ್ಬಳು ತಂಗಿ ಇದ್ದಳು ಎಂಬುದನ್ನು ಐವತ್ತೆರಡನೆಯ ವಯಸ್ಸಿನಲ್ಲಿ, ಕೈಯಲ್ಲಿ ಮೀನಿನ ಮುಳ್ಳು ಹಿಡಿದುಕೊಂಡು ನಾನು ಮೊದಲ ಸಲ ಕೇಳಿದೆ. ಜಲಜ ಎದ್ದು ಹೋಗಿ ಅಮ್ಮನ ಪಕ್ಕದಲ್ಲಿ ಕೂತಳು. ಅಮ್ಮ ತಮ್ಮ ತುಂಡಿನಿಂದ ಮುಳ್ಳಿಲ್ಲದ ಭಾಗವನ್ನು ಮುರಿದು ಸೊಸೆಯ ಬಟ್ಟಲಿಗೆ ಹಾಕಿದರು. ಮರುದಿನದಿಂದ ಬಡಿಸುವಾಗ ಎಲ್ಲರಿಗಿಂತ ಮೊದಲು ಅವರದೇ ಒಂದು ಪ್ರಶ್ನೆ ಬರುತ್ತಿತ್ತು: "ನಿಂದ್ ಬಟ್ಲ್ ಎಲ್ಲಿ ಜಲಜಾ? ಹಾಕ್ಕಂಡ್ಯಾ?" ಹಾಕಿಕೊಂಡದ್ದನ್ನು ಕಣ್ಣಿಂದ ನೋಡಿದ ಮೇಲೆಯೇ ಅವರು ಅನ್ನ ಮುಟ್ಟುವುದು.

ಮಿತವ್ಯಯ ಎಂದರೆ ಯಾರೋ ಒಬ್ಬರು ಸದ್ದಿಲ್ಲದೆ ಹಸಿದಿರುವುದು ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಹಾಗೆ ಹಸಿದಿರುವವರನ್ನು ಹೊಗಳಿ ಮಾತಾಡಿದ್ದೂ ಉಂಟು. ಹೊಗಳುವುದಕ್ಕೆ ಖರ್ಚಿಲ್ಲವಲ್ಲ. ಜಲಜ ಆ ಲೆಕ್ಕವನ್ನೇ ಒಪ್ಪಲಿಲ್ಲ. ಐವರು ಎಂದರೆ ಐವರೇ, ನಾಲ್ವರು ಮತ್ತು ಒಬ್ಬಳು ತ್ಯಾಗಮಯಿ ಅಲ್ಲ. ಇದ್ದದ್ದನ್ನು ಐವರಿಗೂ ಸಾಲುವಂತೆ ಮಾಡುವುದೇ ಅವಳ ವಿದ್ಯೆ. ಆ ವಿದ್ಯೆಗೆ ಬೇಕಾದ ಬುದ್ಧಿ, ನೆನಪು, ಮುಂದಾಲೋಚನೆ ಎಷ್ಟೆಂಬುದು ಮಾತ್ರ ನನಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ಅದನ್ನು ತಿಳಿಯಲು ಅವಳು ಮನೆ ಬಿಟ್ಟು ಹೋಗಬೇಕಾಯಿತು.

ಡಿಸೆಂಬರಿನ ಹೊತ್ತಿಗೆ ಮುದ್ರಣಾಲಯ ಚೇತರಿಸಿಕೊಂಡಿತು. ಧಣಿಗಳ ಅಳಿಯ ಒಂದು ಹೊಸ ಯಂತ್ರ ತಂದು, ಉಪ್ಪಿನಕಾಯಿ, ಹಪ್ಪಳ, ಮಸಾಲೆಪುಡಿಗಳ ಲೇಬಲು ಅಚ್ಚು ಹಾಕಲು ಶುರುಮಾಡಿದ. ಜನ ಕರೆಯೋಲೆ ಬಿಟ್ಟರೂ ಉಪ್ಪಿನಕಾಯಿ ಬಿಡಲಿಲ್ಲ. ನಾನು ಮತ್ತೆ ಪೂರ್ತಿ ದಿನ ಹೋಗತೊಡಗಿದೆ. ಸಂಬಳ ಮುಕ್ಕಾಲಿಗೆ ಏರಿತು. ಅದೇ ತಿಂಗಳು ನಾವುಂದ ಎಂಬ ಊರಿನಲ್ಲಿರುವ ಜಲಜನ ತಾಯಿಗೆ ಕಣ್ಣಿನ ಆಪರೇಷನ್ ಆಯಿತು. ಅವಳು ಐದು ದಿನ ತವರಿಗೆ ಹೊರಟಳು. ಹೋಗುವಾಗ ಅಡುಗೆಮನೆಯ ಜವಾಬ್ದಾರಿ ಯಾರದು ಎಂಬ ಮಾತು ಬಂತು. ಮಕ್ಕಳಿಗೆ ಪರೀಕ್ಷೆ, ಅಮ್ಮನಿಗೆ ಮೊಣಕಾಲು. ನಾನು ರಜೆ ಹಾಕಿ, ಎದೆ ಮುಂದೆ ಮಾಡಿ, "ನಾನಿದ್ದೇನೆ" ಎಂದೆ. ಅವಳು ಬಸ್ಸು ಹತ್ತುವವರೆಗೂ ನಗು ತಡೆದುಕೊಂಡಿದ್ದಳು ಎಂದು ದಿವ್ಯ ಆಮೇಲೆ ಹೇಳಿದಳು.

ಮೊದಲ ದಿನ ನಾನು ಮಾಡಿದ ಅನ್ನ ಹನ್ನೊಂದು ಜನಕ್ಕೆ ಆಗುವಷ್ಟಿತ್ತು. ಎರಡನೆಯ ದಿನ ಹಳೆಯ ಅನ್ನ ಮುಗಿಸುವುದರಲ್ಲೇ ಹೋಯಿತು. ಮೂರನೆಯ ದಿನ ತರಕಾರಿ ಬುಟ್ಟಿಯಲ್ಲಿ ಒಂದು ಕಡೆ ಎಲ್ಲ ಕೊಳೆತಿತ್ತು, ಇನ್ನೊಂದು ಕಡೆ ಏನೂ ಉಳಿದಿರಲಿಲ್ಲ. ಯಾವುದನ್ನು ಮೊದಲು ಕತ್ತರಿಸಬೇಕು, ಯಾವುದು ನಾಲ್ಕು ದಿನ ತಾಳುತ್ತದೆ ಎಂದು ತರಕಾರಿ ಬಾಯಿಬಿಟ್ಟು ಹೇಳುವುದಿಲ್ಲ. ಅಮ್ಮನಿಗೆ ಖಾರ ಆಗದು, ಶ್ರುತಿಗೆ ಬದನೆ ತುರಿಕೆ, ದಿವ್ಯ ಹಸಿದರೆ ಸಿಡುಕುತ್ತಾಳೆ, ತೆಂಗಿನಕಾಯಿ ಒಡೆದರೆ ಎರಡು ಹೊತ್ತಿನ ಅರೆಯುವಿಕೆಗೆ ಬರಬೇಕು, ಇವೆಲ್ಲ ಒಂದೇ ತಲೆಯೊಳಗೆ ಒಟ್ಟಿಗೆ ಇರಬೇಕು. ಒಂದು ಪುಟದಲ್ಲಿ ನೂರು ತಪ್ಪು ಹಿಡಿಯುವ ನನ್ನ ಕಣ್ಣಿಗೆ ಬೆಲ್ಲದ ಡಬ್ಬಿಗೆ ಹತ್ತಿದ ಇರುವೆಯ ಸಾಲು ಕಾಣಲಿಲ್ಲ. ನಾಲ್ಕನೆಯ ದಿನ ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಸ್ಟೂಲು ಹಾಕಿ ಕೂತು, ಕೋಲಿನಿಂದ ತೋರಿಸುತ್ತ ನನಗೆ ಪಾಠ ಹೇಳಿದರು. ನಾನು ಆ ವಯಸ್ಸಿನಲ್ಲಿ ಈರುಳ್ಳಿ ಹೆಚ್ಚಲು ಕಲಿತೆ, ಅಳುತ್ತ.

ಐದನೆಯ ದಿನ ಮಧ್ಯಾಹ್ನ ಜಲಜ ಬಂದಳು. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ಹಸಿದಿದ್ದಳು. ಕಾಲು ತೊಳೆದು ಅಭ್ಯಾಸದಂತೆ ಒಲೆಯ ಕಡೆಗೇ ಹೊರಟವಳನ್ನು ಮಕ್ಕಳಿಬ್ಬರೂ ಹಿಡಿದು ಕೂರಿಸಿದರು. ನಾನು ಬಟ್ಟಲು ಇಟ್ಟು, ಗಂಜಿ ಹುಯ್ದು, ಪಕ್ಕಕ್ಕೆ ಹರಿವೆದಂಟಿನ ಹುಳಿ ಬಡಿಸಿದೆ. ಎಲ್ಲವೂ ನನ್ನ ಕೈಯದೇ. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಅವಳಿಗೆ ಬಡಿಸಿದ್ದು ಅದೇ ಮೊದಲು. ಅದು ಹೊಳೆದಾಗ ಇನ್ನೊಂದು ಸೌಟು ಹುಳಿ ಹಾಕಿದೆ. ಅವಳು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಮ್ಮ, ಮಕ್ಕಳು, ನಾನು, ಎಲ್ಲರೂ ಅವಳ ಮುಖವನ್ನೇ ನೋಡುತ್ತ ನಿಂತೆವು.

ಅವಳು ಹುಳಿ ಕಲಸಿ ಒಂದು ತುತ್ತು ತಿಂದಳು. ಮತ್ತೊಂದು ತಿಂದಳು. ನನ್ನಿಂದ ತಡೆಯಲಾಗಲಿಲ್ಲ.

"ಹೇಗಿದೆ?"

"ಉಪ್ಪ್ ಜಾಸ್ತಿ ಆಯ್ತ್" ಎಂದಳು. ನನ್ನ ಮುಖ ಇಳಿದದ್ದು ಕಂಡಿರಬೇಕು. ಕಣ್ಣಲ್ಲಿ ನಗು ತುಂಬಿಕೊಂಡು ಪಾತ್ರೆಯ ಕಡೆ ಕೈ ತೋರಿಸಿದಳು. "ಅಡ್ಡಿಲ್ಲ ಮಾರಾಯ್ರೆ. ನೀವೇ ಎರಡ್ ಲೋಟ ನೀರ್ ಹಾಕಿ ಒಂದ್ ಕುದಿ ತೆಗೀನಿ, ನಾಳಿಗೂ ಆತ್ತ್."